ಕೊಲೆಸ್ಟ್ರಾಲ್ ಇಳಿಸಲು ಪ್ರೋಬಯಾಟಿಕ್, ನಾರು, ಗಿಡಮೂಲಿಕೆ: ಯಾವುದು, ಎಷ್ಟು, ಯಾರಿಗೆ?

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಒಂದೇ ವಿಷಯದವು: ಮಾತ್ರೆ ಇಲ್ಲದೆ ಕೊಲೆಸ್ಟ್ರಾಲ್ ಇಳಿಯುತ್ತದೆಯೇ, ಮಾತ್ರೆಯ ಜೊತೆಗೆ ಇನ್ನೇನು ಸೇರಿಸಿಕೊಳ್ಳಬಹುದು. ಹಾಗಾಗಿ ಅಂಕಣವನ್ನು ಪೂರ್ತಿ ಇದಕ್ಕೇ ಬಿಟ್ಟುಕೊಟ್ಟಿದ್ದೇವೆ. ಇಲ್ಲಿ ಬರುವ ರಕ್ತಪರೀಕ್ಷೆಯ ಅಂಕಿಗಳೆಲ್ಲ ಪ್ರತಿ ಡೆಸಿಲೀಟರ್ ರಕ್ತದಲ್ಲಿ ಎಷ್ಟು ಮಿಲಿಗ್ರಾಂ ಎಂಬ ಲೆಕ್ಕದವು.

ಪ್ರಶ್ನೆ: ನನಗೆ 46 ವರ್ಷ. ಒಟ್ಟು ಕೊಲೆಸ್ಟ್ರಾಲ್ 228, ಎಚ್‌ಡಿಎಲ್ (ಒಳ್ಳೆಯ ಕೊಲೆಸ್ಟ್ರಾಲ್) 44, ಟ್ರೈಗ್ಲಿಸರೈಡ್ (ರಕ್ತದಲ್ಲಿರುವ ಕೊಬ್ಬು) 160, ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) 152 ಬಂದಿದೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಇಲ್ಲ. ಮೂರು ತಿಂಗಳು ಆಹಾರದಲ್ಲೇ ಪ್ರಯತ್ನಪಡಿ, ಆಮೇಲೆ ನೋಡೋಣ ಎಂದಿದ್ದಾರೆ ವೈದ್ಯರು. ಪ್ರೋಬಯಾಟಿಕ್ (ಜೀವಂತ ಬ್ಯಾಕ್ಟೀರಿಯಾ ಇರುವ ಪೂರಕ), ಬೆಳ್ಳುಳ್ಳಿ, ಇಸಬ್‌ಗೋಲ್ ಮೂರನ್ನೂ ಸೂಚಿಸುವವರಿದ್ದಾರೆ. ಯಾವುದರಿಂದ ಶುರು ಮಾಡಲಿ?

ಉತ್ತರ: ಇಸಬ್‌ಗೋಲ್‌ನಿಂದ ಶುರು ಮಾಡಿ. ಈ ಮೂರರಲ್ಲಿ ಗಟ್ಟಿ ಪುರಾವೆ ಇರುವುದು ಅದಕ್ಕೇ. ಅದು ಕೆಲಸ ಮಾಡುವ ಬಗೆ ಗೊತ್ತಾದರೆ ಎಷ್ಟು ತೆಗೆದುಕೊಳ್ಳಬೇಕು, ಯಾವಾಗ ತೆಗೆದುಕೊಳ್ಳಬೇಕು ಎಂಬುದೂ ಗೊತ್ತಾಗುತ್ತದೆ.

ಕೊಬ್ಬು ಜೀರ್ಣವಾಗಲು ಬೇಕಾದ ಪಿತ್ತಾಮ್ಲವನ್ನು ಲಿವರ್ ತಯಾರಿಸುವುದು ಕೊಲೆಸ್ಟ್ರಾಲಿನಿಂದಲೇ. ಊಟವಾದಾಗ ಅದು ಕರುಳಿಗೆ ಇಳಿಯುತ್ತದೆ, ಕೆಲಸ ಮುಗಿಸುತ್ತದೆ. ಸಣ್ಣಕರುಳಿನ ಕೊನೆಯ ಭಾಗ ಅದರಲ್ಲಿ ಸುಮಾರು ಶೇ 95ರಷ್ಟನ್ನು ಮತ್ತೆ ಹೀರಿಕೊಂಡು ಲಿವರಿಗೆ ವಾಪಸು ಕಳಿಸುತ್ತದೆ. ಅದೇ ಸರಕು ದಿನಕ್ಕೆ ಹಲವು ಸುತ್ತು ತಿರುಗುತ್ತಿರುತ್ತದೆ. ಇಸಬ್‌ಗೋಲ್ ಹೊಟ್ಟು ನೀರು ಕುಡಿದು ಲೋಳೆಯಾದಾಗ ಪಿತ್ತಾಮ್ಲದ ಒಂದು ಪಾಲು ಆ ಲೋಳೆಯಲ್ಲಿ ಸಿಕ್ಕಿಕೊಂಡು ಮಲದೊಂದಿಗೆ ಹೊರಗೆ ಹೋಗುತ್ತದೆ. ಕಡಿಮೆ ಬಿದ್ದದ್ದನ್ನು ಹೊಸದಾಗಿ ತಯಾರಿಸಬೇಕಲ್ಲ, ಅದಕ್ಕೆ ಲಿವರ್ ರಕ್ತದಲ್ಲಿರುವ ಎಲ್‌ಡಿಎಲ್ ಕಣಗಳನ್ನು ಎಳೆದುಕೊಳ್ಳುತ್ತದೆ. ಎಲ್‌ಡಿಎಲ್ ಇಳಿಯುವುದು ಹೀಗೆ.

ಇದರಿಂದ ಎರಡು ಮಾತು ಹೊರಡುತ್ತವೆ. ಲೋಳೆ ಕರುಳಿನಲ್ಲಿರಬೇಕಾದದ್ದು ಪಿತ್ತ ಇಳಿಯುವ ಹೊತ್ತಿನಲ್ಲಿ, ಅಂದರೆ ಊಟದ ಜೊತೆಗೆ. ರಾತ್ರಿ ಮಲಗುವ ಮುನ್ನ ತೆಗೆದುಕೊಂಡರೆ ಮಲಬದ್ಧತೆಗೆ ಒಳ್ಳೆಯದು, ಕೊಲೆಸ್ಟ್ರಾಲಿಗೆ ಅಷ್ಟಾಗಿ ಉಪಯೋಗವಿಲ್ಲ. ಇನ್ನೊಂದು, ಪ್ರಮಾಣ ಸಾಕಷ್ಟಿರಬೇಕು. ದಿನಕ್ಕೆ 7 ಗ್ರಾಂ ಕರಗುವ ನಾರು ಬೇಕು, ಅದು ಸುಮಾರು 10 ಗ್ರಾಂ ಹೊಟ್ಟಿನಲ್ಲಿ ಸಿಗುತ್ತದೆ. ಇಷ್ಟನ್ನು ಬಿಡದೆ ತೆಗೆದುಕೊಂಡರೆ ಎಲ್‌ಡಿಎಲ್ ಶೇ 5ರಿಂದ 10ರವರೆಗೆ ಇಳಿಯಬಹುದು.

ಚಮಚದ ಲೆಕ್ಕ ನಂಬಬೇಡಿ. ಇಡೀ ಹೊಟ್ಟು ಹಗುರ, ಚಮಚ ತುಂಬಿದರೂ ತೂಕ ಇರುವುದಿಲ್ಲ. ಅದನ್ನೇ ಪುಡಿ ಮಾಡಿದ್ದು ಭಾರ. ಒಂದು ಸಲ ಅಡುಗೆಮನೆಯ ತಕ್ಕಡಿಯಲ್ಲಿ 5 ಗ್ರಾಂ ತೂಗಿ, ನಿಮ್ಮ ಚಮಚದಲ್ಲಿ ಅದು ಎಲ್ಲಿಯವರೆಗೆ ಬರುತ್ತದೆ ಎಂದು ಗುರುತಿಟ್ಟುಕೊಳ್ಳಿ. ಮೊದಲ ವಾರ ದಿನಕ್ಕೆ ಒಂದೇ ಸಲ 3 ಗ್ರಾಂ ಸಾಕು. ಎರಡನೇ ವಾರ 5 ಗ್ರಾಂ ಮಾಡಿ. ಮೂರನೇ ವಾರದಿಂದ ಎರಡು ಊಟದ ಜೊತೆ ತಲಾ 5 ಗ್ರಾಂ. ಶುರುವಿನಲ್ಲೇ 10 ಗ್ರಾಂ ಹಾಕಿದವರಿಗೆ ಹೊಟ್ಟೆ ಉಬ್ಬರಿಸುತ್ತದೆ, ನಾಲ್ಕನೇ ದಿನಕ್ಕೆ ಡಬ್ಬಿ ಮೂಲೆ ಸೇರುತ್ತದೆ.

ನೀರಿನ ವಿಷಯದಲ್ಲಿ ಉದಾಸೀನ ಬೇಡ. ಪ್ರತಿ ಸಲಕ್ಕೂ ಒಂದು ದೊಡ್ಡ ಲೋಟ, ಕನಿಷ್ಠ 240 ಮಿ.ಲೀ. ನೀರಿಗೆ ಹೊಟ್ಟು ಉದುರಿಸಿ, ಹತ್ತು ಸೆಕೆಂಡು ಕಲಕಿ, ಕೂಡಲೇ ಕುಡಿದುಬಿಡಿ. ಎರಡು ನಿಮಿಷ ಬಿಟ್ಟು ನೋಡಿದರೆ ಲೋಟದಲ್ಲಿ ನೀರು ಕಾಣುವುದಿಲ್ಲ, ಚಮಚ ನೆಟ್ಟಗೆ ನಿಲ್ಲುವಂಥ ಲೋಳೆ ಇರುತ್ತದೆ. ಒಣ ಹೊಟ್ಟನ್ನು ಬಾಯಿಗೆ ಹಾಕಿಕೊಂಡು ಒಂದು ಗುಟುಕು ನೀರು ಕುಡಿದರೆ ಅದೇ ಲೋಳೆ ಅನ್ನನಾಳದಲ್ಲಿ ಕಟ್ಟಿಕೊಂಡು ಉಸಿರು ಸಿಕ್ಕಿಸಬಹುದು. ನುಂಗಲು ತೊಂದರೆ ಇರುವವರು, ಕರುಳು ಕಟ್ಟಿಕೊಂಡ ಇತಿಹಾಸ ಇರುವವರು ಇದನ್ನು ಮುಟ್ಟಲೇಬಾರದು. ಬೇರೆ ಮಾತ್ರೆಗಳನ್ನೂ ಲೋಳೆ ಹಿಡಿದಿಟ್ಟುಕೊಳ್ಳುತ್ತದೆ. ಅವಕ್ಕೂ ಇದಕ್ಕೂ ಕನಿಷ್ಠ ಎರಡು ಗಂಟೆ, ಥೈರಾಯ್ಡ್ ಮಾತ್ರೆಗೆ ನಾಲ್ಕು ಗಂಟೆ ಅಂತರವಿರಲಿ.

ಇಸಬ್‌ಗೋಲ್ ಬಾಯಿಗೆ ಹಿಡಿಸದಿದ್ದರೆ ಓಟ್ಸ್ ಅಥವಾ ಬಾರ್ಲಿ. ಅವುಗಳಲ್ಲಿರುವ ಬೀಟಾ-ಗ್ಲೂಕಾನ್ ಎಂಬ ನಾರೂ ಇದೇ ಕೆಲಸ ಮಾಡುತ್ತದೆ. ದಿನಕ್ಕೆ 3 ಗ್ರಾಂ ಬೀಟಾ-ಗ್ಲೂಕಾನ್ ಬೇಕು, ಅದಕ್ಕೆ ಒಣ ಓಟ್ಸ್ 75 ಗ್ರಾಂ ಆಸುಪಾಸು ತಿನ್ನಬೇಕು. ಬೇಯಿಸಿದಾಗ ಗಂಜಿ ಎಷ್ಟು ಜಿಗುಟಾಗಿರುತ್ತದೋ ಅಷ್ಟು ಒಳ್ಳೆಯದು, ಏಕೆಂದರೆ ಕೆಲಸ ಮಾಡುವುದೇ ಆ ಜಿಗುಟು. ಓಟ್ಸ್ ಬಿಸ್ಕತ್ತಿನಲ್ಲಿ ಓಟ್ಸ್ ಕಡಿಮೆ, ಸಕ್ಕರೆ-ಬೆಣ್ಣೆ ಹೆಚ್ಚು. ಅದನ್ನು ಈ ಲೆಕ್ಕಕ್ಕೆ ಸೇರಿಸಬೇಡಿ.

ಪ್ರಶ್ನೆ: "5,000 ಕೋಟಿ ಜೀವಂತ ಬ್ಯಾಕ್ಟೀರಿಯಾ" ಎಂದು ಬರೆದಿರುವ ಪ್ರೋಬಯಾಟಿಕ್ ಗುಳಿಗೆ ತೆಗೆದುಕೊಳ್ಳುತ್ತಿದ್ದೇನೆ. ಹೊಟ್ಟೆಗೆ ಹಿತವಾಗಿದೆ. ಕೊಲೆಸ್ಟ್ರಾಲೂ ಇಳಿಯುತ್ತದೆ ಎಂದು ಅಂಗಡಿಯವರು ಹೇಳಿದರು. ಹೌದೇ?

ಉತ್ತರ: ಇಳಿಸುವ ಬ್ಯಾಕ್ಟೀರಿಯಾ ಇವೆ. ನಿಮ್ಮ ಗುಳಿಗೆಯಲ್ಲಿ ಅವೇ ಇವೆಯೇ ಎಂಬುದನ್ನು 5,000 ಕೋಟಿ ಎಂಬ ಅಂಕಿ ಹೇಳುವುದಿಲ್ಲ.

ಮೇಲೆ ಹೇಳಿದ ಪಿತ್ತದ ಸುತ್ತಾಟವನ್ನು ಇಲ್ಲೂ ನೆನಪಿಗೆ ತಂದುಕೊಳ್ಳಿ. ಪಿತ್ತಾಮ್ಲ ಕರುಳಿಗೆ ಬರುವುದು ಗ್ಲೈಸಿನ್ ಅಥವಾ ಟಾರಿನ್ ಎಂಬ ಅಮೈನೋ ಆಮ್ಲದ ಜೊತೆ ಗಂಟುಹಾಕಿಕೊಂಡು. ಕೆಲವು ಬ್ಯಾಕ್ಟೀರಿಯಾಗಳಲ್ಲಿ ಆ ಗಂಟು ಬಿಚ್ಚುವ ಕಿಣ್ವವಿದೆ. ಗಂಟು ಬಿಚ್ಚಿದ ಪಿತ್ತಾಮ್ಲವನ್ನು ಕರುಳು ಅಷ್ಟು ಚೆನ್ನಾಗಿ ಹೀರಿಕೊಳ್ಳಲಾರದು, ಹೆಚ್ಚು ಪಾಲು ಹೊರಗೆ ಹೋಗುತ್ತದೆ. ಇಸಬ್‌ಗೋಲ್ ಹಿಡಿದು ಹೊರಹಾಕುವುದನ್ನು ಈ ಬ್ಯಾಕ್ಟೀರಿಯಾ ಕತ್ತರಿಸಿ ಹೊರಹಾಕುತ್ತದೆ.

ಇದರಲ್ಲಿ ಚೆನ್ನಾಗಿ ಪರೀಕ್ಷೆಗೊಳಗಾದದ್ದು ಲ್ಯಾಕ್ಟೋಬ್ಯಾಸಿಲಸ್ ರಾಯ್ಟರೈ ಎನ್‌ಸಿಐಎಂಬಿ 30242 ಎಂಬ ತಳಿ. 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 127 ಜನರಲ್ಲಿ ಕೆಲವರಿಗೆ ಇದರ ಗುಳಿಗೆ, ಉಳಿದವರಿಗೆ ಮದ್ದಿಲ್ಲದ ಹುಸಿ ಗುಳಿಗೆ ಕೊಟ್ಟರು. ದಿನಕ್ಕೆ ಎರಡು ಸಲದಂತೆ ಒಂಬತ್ತು ವಾರ ತೆಗೆದುಕೊಂಡಾಗ ಹುಸಿ ಗುಳಿಗೆಯವರಿಗಿಂತ ಇವರ ಎಲ್‌ಡಿಎಲ್ ಸುಮಾರು ಶೇ 11.6ರಷ್ಟು ಹೆಚ್ಚು ಇಳಿದಿತ್ತು. ಇದೇ ತಳಿಯನ್ನು ಮೊಸರಿನಲ್ಲಿ ಕೊಟ್ಟ ಇನ್ನೊಂದು ಅಧ್ಯಯನದಲ್ಲಿ ಇಳಿಕೆ ಶೇ 9ರ ಹತ್ತಿರ. ಆದರೆ ಬಗೆಬಗೆಯ ಪ್ರೋಬಯಾಟಿಕ್ ಅಧ್ಯಯನಗಳನ್ನೆಲ್ಲ ಒಟ್ಟು ಸೇರಿಸಿ ನೋಡಿದಾಗ ಎಲ್‌ಡಿಎಲ್ ಇಳಿಕೆ ಸರಾಸರಿ 7 ಮಿ.ಗ್ರಾಂ ಆಸುಪಾಸಿಗೆ ಬಂದು ನಿಲ್ಲುತ್ತದೆ. 152 ಇದ್ದದ್ದು 145 ಆದ ಹಾಗೆ. ತಳಿ ಬದಲಾದರೆ ಗುಣವೂ ಬದಲಾಗುತ್ತದೆ. ಒಂದೇ ಜಾತಿಯ ಎರಡು ತಳಿಗಳಲ್ಲಿ ಒಂದಕ್ಕೆ ಆ ಕಿಣ್ವ ಇದ್ದು ಇನ್ನೊಂದಕ್ಕೆ ಇಲ್ಲದಿರಬಹುದು.

ಡಬ್ಬಿ ತಿರುಗಿಸಿ ಓದಿ. ಕುಲ ಮತ್ತು ಜಾತಿಯ ಹೆಸರಿನ ಮುಂದೆ ಅಕ್ಷರವೋ ಅಂಕಿಯೋ ಇರುವ ತಳಿಯ ಗುರುತು ಇದೆಯೇ? ಬರೀ "ಲ್ಯಾಕ್ಟೋಬ್ಯಾಸಿಲಸ್ ಮಿಶ್ರಣ" ಎಂದಿದ್ದರೆ ಅದರಿಂದ ಏನೂ ತಿಳಿಯುವುದಿಲ್ಲ. 2020ರಲ್ಲಿ ಈ ಕುಲವನ್ನು ಹಲವು ಕುಲಗಳಾಗಿ ಒಡೆದದ್ದರಿಂದ ರಾಯ್ಟರೈ ಈಗ ಲಿಮೋಸಿಲ್ಯಾಕ್ಟೋಬ್ಯಾಸಿಲಸ್ ಎಂಬ ಹೆಸರಿನಲ್ಲೂ ಸಿಗುತ್ತದೆ, ಗಾಬರಿಯಾಗಬೇಡಿ. ಆಮೇಲೆ ಬ್ಯಾಕ್ಟೀರಿಯಾಗಳ ಸಂಖ್ಯೆ ಯಾವ ದಿನದ್ದು ಎಂದು ನೋಡಿ. ತಯಾರಾದ ದಿನದ್ದಾದರೆ ನಿಮ್ಮ ಕೈಗೆ ಬರುವ ಹೊತ್ತಿಗೆ ಎಷ್ಟು ಸತ್ತಿವೆಯೋ. ಬಳಕೆಯ ಅವಧಿ ಮುಗಿಯುವವರೆಗೂ ಇಷ್ಟು ಇರುತ್ತವೆ ಎಂದು ಬರೆದಿರುವುದನ್ನು ಆರಿಸಿ. ಫ್ರಿಜ್‌ನಲ್ಲಿಡಬೇಕಾದದ್ದು ಅಂಗಡಿಯಲ್ಲೂ ಫ್ರಿಜ್‌ನಲ್ಲೇ ಇತ್ತೇ ಎಂದು ಕೇಳಿ. ಗುಳಿಗೆ ಬಿಚ್ಚಿ ಬಿಸಿ ಗಂಜಿಗೋ ಬಿಸಿ ಹಾಲಿಗೋ ಹಾಕಿದರೆ ಬ್ಯಾಕ್ಟೀರಿಯಾ ಅಲ್ಲೇ ಸಾಯುತ್ತವೆ. ಆಂಟಿಬಯಾಟಿಕ್ ತೆಗೆದುಕೊಳ್ಳುತ್ತಿದ್ದರೆ ಎರಡಕ್ಕೂ ನಡುವೆ ಎರಡು ಗಂಟೆಯಾದರೂ ಬಿಡಿ. ತೆಗೆದುಕೊಳ್ಳುವುದು ನಿಲ್ಲಿಸಿದರೆ ಇವು ಕರುಳಿನಲ್ಲಿ ಹೆಚ್ಚು ಕಾಲ ಉಳಿಯುವುದಿಲ್ಲ, ಹಾಗಾಗಿ ಪರಿಣಾಮವೂ ಉಳಿಯುವುದಿಲ್ಲ.

ಯಾರಿಗೆ ಬೇಡ ಎಂಬುದನ್ನು ಅಂಗಡಿಯವರು ಹೇಳುವುದು ಅಪರೂಪ. ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ಅಂಗಾಂಗ ಕಸಿ ಆದವರು, ರೋಗನಿರೋಧಕ ಶಕ್ತಿ ಕುಂದಿದವರು, ದೊಡ್ಡ ರಕ್ತನಾಳಕ್ಕೆ ಕೊಳವೆ ಹಾಕಿಸಿಕೊಂಡವರು ವೈದ್ಯರ ಒಪ್ಪಿಗೆಯಿಲ್ಲದೆ ತೆಗೆದುಕೊಳ್ಳಬಾರದು. ಜೀವಂತ ಬ್ಯಾಕ್ಟೀರಿಯಾ ರಕ್ತಕ್ಕೆ ಸೇರಿಬಿಡುವ ಅಪಾಯ ಅವರಿಗಿದೆ. ಮೇದೋಜೀರಕ ಗ್ರಂಥಿಯ ತೀವ್ರ ಉರಿಯೂತದ ರೋಗಿಗಳ ಮೇಲೆ ನೆದರ್ಲೆಂಡ್ಸ್‌ನಲ್ಲಿ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಪ್ರೋಬಯಾಟಿಕ್ ಪಡೆದವರಲ್ಲಿ ಶೇ 16ರಷ್ಟು, ಪಡೆಯದವರಲ್ಲಿ ಶೇ 6ರಷ್ಟು ಮಂದಿ ತೀರಿಕೊಂಡರು. ಆರೋಗ್ಯವಂತರಿಗೆ ನಿರಪಾಯವಾದದ್ದು ಎಲ್ಲರಿಗೂ ನಿರಪಾಯವಲ್ಲ.

ಪ್ರಶ್ನೆ: ಮನೆಯಲ್ಲಿ ಹೆಪ್ಪು ಹಾಕಿದ ಮೊಸರು ದಿನಾ ತಿನ್ನುತ್ತೇವೆ. ಅದೇ ಪ್ರೋಬಯಾಟಿಕ್ ಅಲ್ಲವೇ? ಗುಳಿಗೆ ಬಿಚ್ಚಿ ಅದರಿಂದಲೇ ಹೆಪ್ಪು ಹಾಕಬಹುದೇ?

ಉತ್ತರ: ಮೊಸರು ಒಳ್ಳೆಯ ಆಹಾರ, ಬಿಡಬೇಡಿ. ಆದರೆ ಪ್ರೋಬಯಾಟಿಕ್ ಎಂಬ ಪದಕ್ಕೆ ವಿಶ್ವಸಂಸ್ಥೆಯ ಆಹಾರ ಮತ್ತು ಆರೋಗ್ಯ ಸಂಸ್ಥೆಗಳ ತಜ್ಞರು 2001ರಲ್ಲಿ ಕೊಟ್ಟ ಅರ್ಥ ಬಿಗಿಯಾದದ್ದು: ಸಾಕಷ್ಟು ಪ್ರಮಾಣದಲ್ಲಿ ಕೊಟ್ಟಾಗ ಆರೋಗ್ಯಕ್ಕೆ ಲಾಭ ತರುವ ಜೀವಂತ ಸೂಕ್ಷ್ಮಾಣು. ಮನೆಯ ಹೆಪ್ಪಿನಲ್ಲಿ ಯಾವ ತಳಿ ಇದೆ, ಎಷ್ಟಿದೆ ಎಂದು ಹೇಳಲು ಬರುವುದಿಲ್ಲ, ಅದು ವಾರದಿಂದ ವಾರಕ್ಕೆ ಬದಲಾಗುತ್ತಲೂ ಇರುತ್ತದೆ. ಹಾಗಾಗಿ ಕೊಲೆಸ್ಟ್ರಾಲಿನ ಮದ್ದೆಂದು ಅದನ್ನು ನೆಚ್ಚಿಕೊಳ್ಳಲು ಆಗದು. ಗುಳಿಗೆಯಿಂದ ಹೆಪ್ಪು ಹಾಕಿದರೂ ಇದೇ ಕಷ್ಟ. ಹಾಲಿನಲ್ಲಿ ಬೇಗ ಬೆಳೆಯುವ ಬ್ಯಾಕ್ಟೀರಿಯಾ ಮುಂದೆ ಓಡುತ್ತವೆ, ನಿಮಗೆ ಬೇಕಾದ ತಳಿ ಹಿಂದೆ ಉಳಿಯಬಹುದು. ಹಾಲು ಹೆಪ್ಪಾಯಿತು ಎಂಬುದಷ್ಟೇ ಅದು ಬೆಳೆದಿದೆ ಎಂಬುದಕ್ಕೆ ಸಾಕ್ಷಿಯಲ್ಲ.

ಮೊಸರಿನಲ್ಲಿ ನೀವು ನಿಜಕ್ಕೂ ಬದಲಿಸಬಹುದಾದದ್ದು ಕೊಬ್ಬು. ಕೆನೆ ತೆಗೆದ ಹಾಲಿನಲ್ಲಿ ಹೆಪ್ಪು ಹಾಕಿ. ಕೆನೆಯಲ್ಲಿರುವ ಸ್ಯಾಚುರೇಟೆಡ್ ಕೊಬ್ಬು ಲಿವರ್ ಎಲ್‌ಡಿಎಲ್ ಎಳೆದುಕೊಳ್ಳುವುದನ್ನು ತಗ್ಗಿಸುತ್ತದೆ. ನಾರು ತೆರೆಸಿದ ಬಾಗಿಲನ್ನು ಅದು ಮುಚ್ಚಿದಂತೆ.

ಪ್ರಶ್ನೆ: ಕೊಲೆಸ್ಟ್ರಾಲ್ ಇಳಿಸಲು ಕೊಟ್ಟ ಸ್ಟ್ಯಾಟಿನ್ ಮಾತ್ರೆಯಿಂದ ತೊಡೆಯ ಸ್ನಾಯು ನೋಯುತ್ತಿತ್ತು. ಪರಿಚಯದವರು ಕೆಂಪು ಯೀಸ್ಟ್ ಅಕ್ಕಿಯ ಗುಳಿಗೆ ಹೇಳಿದರು, ಸಸ್ಯಮೂಲದ್ದು, ಅಡ್ಡಪರಿಣಾಮ ಇಲ್ಲ ಎಂದು. ಸ್ಟ್ಯಾಟಿನ್ ಬಿಟ್ಟು ಇದನ್ನು ಶುರು ಮಾಡಿದ್ದೇನೆ. ಕೊಲೆಸ್ಟ್ರಾಲ್ ಇಳಿದಿದೆ. ಮುಂದುವರಿಸಲೇ?

ಉತ್ತರ: ನೀವು ಸ್ಟ್ಯಾಟಿನ್ ಬಿಟ್ಟಿಲ್ಲ. ಬೇರೊಂದು ಹೆಸರಿನಲ್ಲಿ, ಎಷ್ಟೆಂದು ಗೊತ್ತಿಲ್ಲದ ಪ್ರಮಾಣದಲ್ಲಿ ಅದನ್ನೇ ತೆಗೆದುಕೊಳ್ಳುತ್ತಿದ್ದೀರಿ.

ಅಕ್ಕಿಯ ಮೇಲೆ ಮೊನಾಸ್ಕಸ್ ಎಂಬ ಶಿಲೀಂಧ್ರ ಬೆಳೆಸಿದಾಗ ಅದು ಕೆಂಪಾಗುತ್ತದೆ. ಆ ಶಿಲೀಂಧ್ರ ಮೊನಾಕೋಲಿನ್ ಕೆ ಎಂಬ ವಸ್ತುವನ್ನು ತಯಾರಿಸುತ್ತದೆ. ಇದನ್ನು ಜಪಾನಿನ ವಿಜ್ಞಾನಿ ಅಕಿರಾ ಎಂಡೊ 1979ರಲ್ಲಿ ಬೇರ್ಪಡಿಸಿದರು. 1987ರಲ್ಲಿ ಅಮೆರಿಕದಲ್ಲಿ ಔಷಧವಾಗಿ ಒಪ್ಪಿಗೆ ಪಡೆದ ಲೋವಾಸ್ಟ್ಯಾಟಿನ್ ಕೂಡ ಇದೇ ವಸ್ತು, ಒಂದು ಅಣುವೂ ಬೇರೆಯಲ್ಲ. ಆದ್ದರಿಂದ ಕೊಲೆಸ್ಟ್ರಾಲ್ ಇಳಿದದ್ದರಲ್ಲಿ ಆಶ್ಚರ್ಯವಿಲ್ಲ. ಸ್ನಾಯು ನೋವು, ಲಿವರಿನ ಕಿಣ್ವ ಏರುವುದು, ಕೆಲವು ಔಷಧಗಳ ಜೊತೆ ಜಗಳ, ಎಲ್ಲವೂ ಇದರಲ್ಲೂ ಇವೆ. ಕ್ಲಾರಿತ್ರೊಮೈಸಿನ್ ಎಂಬ ಆಂಟಿಬಯಾಟಿಕ್, ಇಟ್ರಾಕೊನಜೋಲ್ ಎಂಬ ಶಿಲೀಂಧ್ರನಾಶಕ, ಅಂಗಾಂಗ ಕಸಿಯಾದವರು ತೆಗೆದುಕೊಳ್ಳುವ ಸೈಕ್ಲೋಸ್ಪೊರಿನ್, ಗ್ರೇಪ್‌ಫ್ರೂಟ್ ರಸ: ಇವುಗಳ ಜೊತೆ ತೆಗೆದುಕೊಂಡರೆ ರಕ್ತದಲ್ಲಿ ಮೊನಾಕೋಲಿನ್ ಮಟ್ಟ ಏರಿ ಸ್ನಾಯುಗಳಿಗೆ ಹಾನಿಯಾಗಬಹುದು.

ಔಷಧದಲ್ಲಿ ಮಿಲಿಗ್ರಾಂ ಇಷ್ಟೇ ಎಂಬ ಖಾತ್ರಿಯಿದೆ. ಗುಳಿಗೆಯಲ್ಲಿ ಅದಿಲ್ಲ. ಅಮೆರಿಕದಲ್ಲಿ 28 ಬ್ರ್ಯಾಂಡ್‌ಗಳನ್ನು ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿದ ವರದಿಯಲ್ಲಿ ಎರಡರಲ್ಲಿ ಮೊನಾಕೋಲಿನ್ ಕೆ ಇರಲೇ ಇಲ್ಲ. ಉಳಿದವುಗಳಲ್ಲಿ ಅತಿ ಕಡಿಮೆಗೂ ಅತಿ ಹೆಚ್ಚಿಗೂ 60 ಪಟ್ಟಿಗಿಂತ ಹೆಚ್ಚು ವ್ಯತ್ಯಾಸವಿತ್ತು. ಶಿಲೀಂಧ್ರ ಬೆಳೆಸುವಾಗ ಎಚ್ಚರ ತಪ್ಪಿದರೆ ಸಿಟ್ರಿನಿನ್ ಎಂಬ, ಕಿಡ್ನಿಗೆ ವಿಷವಾದ ವಸ್ತುವೂ ಸೇರಿಕೊಳ್ಳುತ್ತದೆ. ಯುರೋಪಿಯನ್ ಒಕ್ಕೂಟ 2022ರಲ್ಲಿ ಇಂಥ ಪೂರಕಗಳಲ್ಲಿ ಮೊನಾಕೋಲಿನ್ ದಿನಕ್ಕೆ 3 ಮಿ.ಗ್ರಾಂಗಿಂತ ಕಡಿಮೆಯೇ ಇರಬೇಕೆಂದು ಮಿತಿ ಹಾಕಿತು. 2024ರಲ್ಲಿ ಜಪಾನಿನಲ್ಲಿ ಕೆಂಪು ಯೀಸ್ಟ್ ಅಕ್ಕಿಯ ಪೂರಕಗಳನ್ನು ತೆಗೆದುಕೊಂಡವರಲ್ಲಿ ಕಿಡ್ನಿ ತೊಂದರೆ ಕಂಡುಬಂದು ಅವುಗಳನ್ನು ಮಾರುಕಟ್ಟೆಯಿಂದ ವಾಪಸು ಪಡೆಯಬೇಕಾಯಿತು.

ನಿಮ್ಮ ನೋವು ಸುಳ್ಳಲ್ಲ, ಅದನ್ನು ಸಹಿಸಿಕೊಂಡು ಇರಿ ಎಂದೂ ಹೇಳುತ್ತಿಲ್ಲ. ಗುಳಿಗೆಯ ಡಬ್ಬಿ ಹಿಡಿದುಕೊಂಡೇ ವೈದ್ಯರ ಬಳಿ ಹೋಗಿ. ಸ್ನಾಯುವಿಗೆ ಹಾನಿಯಾಗಿದೆಯೇ ಎಂದು ತೋರಿಸುವ ಸಿಕೆ ರಕ್ತಪರೀಕ್ಷೆ, ಥೈರಾಯ್ಡ್ ಪರೀಕ್ಷೆ ಮಾಡಿಸಲು ಕೇಳಿ. ಥೈರಾಯ್ಡ್ ಕುಂದಿದ್ದರೆ ಕೊಲೆಸ್ಟ್ರಾಲೂ ಏರುತ್ತದೆ, ಸ್ನಾಯುವೂ ನೋಯುತ್ತದೆ. ಬೇರೆ ಸ್ಟ್ಯಾಟಿನ್‌ಗೆ ಬದಲಿಸುವುದು, ಪ್ರಮಾಣ ತಗ್ಗಿಸುವುದು, ದಿನ ಬಿಟ್ಟು ದಿನ ಕೊಡುವುದು, ಸ್ಟ್ಯಾಟಿನ್ ಅಲ್ಲದ ಮಾತ್ರೆ ಕೊಡುವುದು, ಇಷ್ಟೆಲ್ಲ ದಾರಿಗಳಿವೆ. ಜೊತೆಗೆ ಇಸಬ್‌ಗೋಲ್ ಕೂಡ ಸಹಾಯಕ್ಕೆ ಬರುತ್ತದೆ. 2005ರ ಒಂದು ಅಧ್ಯಯನದಲ್ಲಿ 10 ಮಿ.ಗ್ರಾಂ ಸಿಂವಾಸ್ಟ್ಯಾಟಿನ್ ಜೊತೆ ದಿನಕ್ಕೆ 15 ಗ್ರಾಂ ಇಸಬ್‌ಗೋಲ್ ತೆಗೆದುಕೊಂಡವರ ಎಲ್‌ಡಿಎಲ್, 20 ಮಿ.ಗ್ರಾಂ ಮಾತ್ರೆ ತೆಗೆದುಕೊಂಡವರಷ್ಟೇ ಇಳಿಯಿತು. ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿದರೆ, ನೋವಿನ ಜೊತೆ ತೀವ್ರ ನಿಶ್ಶಕ್ತಿಯಾದರೆ ಕಾಯಬೇಡಿ, ಅದೇ ದಿನ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ಬೆಳ್ಳುಳ್ಳಿ, ಮೆಂತ್ಯ, ಗುಗ್ಗುಲು. ಈ ಮೂರರಲ್ಲಿ ಯಾವುದು ಮೇಲು?

ಉತ್ತರ: ಮೆಂತ್ಯ, ಅದೂ ಕಷ್ಟಪಟ್ಟು ತಿಂದರೆ.

ಬೆಳ್ಳುಳ್ಳಿಯ ಬಗ್ಗೆ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 2007ರಲ್ಲಿ ಪ್ರಕಟಿಸಿದ ಪರೀಕ್ಷೆ ಅಚ್ಚುಕಟ್ಟಾದದ್ದು. 192 ಜನರನ್ನು ನಾಲ್ಕು ಗುಂಪು ಮಾಡಿ ಹಸಿ ಬೆಳ್ಳುಳ್ಳಿ, ಪುಡಿಯ ಮಾತ್ರೆ, ಮಾಗಿಸಿದ ಬೆಳ್ಳುಳ್ಳಿಯ ಮಾತ್ರೆ, ಹುಸಿ ಮದ್ದು ಕೊಟ್ಟರು. ಆರು ತಿಂಗಳಾದರೂ ಯಾವ ಗುಂಪಿನಲ್ಲೂ ಎಲ್‌ಡಿಎಲ್ ಹೇಳಿಕೊಳ್ಳುವಂತೆ ಇಳಿಯಲಿಲ್ಲ. ಅಡುಗೆಗೆ ಧಾರಾಳವಾಗಿ ಹಾಕಿ, ಮದ್ದೆಂದು ಮಾತ್ರೆ ಕೊಳ್ಳಬೇಡಿ. ರಕ್ತ ತೆಳುವಾಗಿಸುವ ಔಷಧ ತೆಗೆದುಕೊಳ್ಳುವವರು ಮತ್ತು ಶಸ್ತ್ರಚಿಕಿತ್ಸೆಗೆ ದಿನ ಗೊತ್ತಾದವರು ಇಂಥ ಮಾತ್ರೆಯ ವಿಷಯ ವೈದ್ಯರಿಗೆ ಮೊದಲೇ ಹೇಳಬೇಕು, ರಕ್ತಸ್ರಾವ ಹೆಚ್ಚಾಗಬಹುದು.

ಗುಗ್ಗುಲುವಿನ ಸಾರವನ್ನು 2003ರಲ್ಲಿ ಪ್ರಕಟವಾದ ಎಂಟು ವಾರಗಳ ಅಧ್ಯಯನದಲ್ಲಿ 103 ಜನರಲ್ಲಿ ಪರೀಕ್ಷಿಸಿದರು. ಹುಸಿ ಮಾತ್ರೆಯವರ ಎಲ್‌ಡಿಎಲ್ ಶೇ 5ರಷ್ಟು ಇಳಿದರೆ ಗುಗ್ಗುಲು ತೆಗೆದುಕೊಂಡವರದು ಶೇ 4–5ರಷ್ಟು ಏರಿತು. ಕೆಲವರಿಗೆ ಮೈಮೇಲೆ ದದ್ದು ಎದ್ದಿತು. ಬೇರೆ ಕಾರಣಕ್ಕೆ ಇದನ್ನು ತೆಗೆದುಕೊಳ್ಳುವವರ ಮಾತು ಬೇರೆ. ಕೊಲೆಸ್ಟ್ರಾಲಿಗೆಂದು ನಾವು ಇದನ್ನು ಸೂಚಿಸುವುದಿಲ್ಲ.

ಮೆಂತ್ಯದಲ್ಲಿ ಕರಗುವ ನಾರು ಹೇರಳ. ನೆನೆಸಿದಾಗ ಕಾಳಿನ ಸುತ್ತ ಕಟ್ಟುವ ಲೋಳೆಯೇ ಅದು. ಆದರೆ ಹಳೆಯ ಅಧ್ಯಯನಗಳಲ್ಲಿ ಕೊಟ್ಟಿದ್ದ ಪ್ರಮಾಣ ದಿನಕ್ಕೆ 25ರಿಂದ 100 ಗ್ರಾಂ. ಒಂದು ಚಮಚ ನೆನೆಸಿ, ಕಾಳು ಬಿಟ್ಟು ನೀರನ್ನಷ್ಟೇ ಕುಡಿದರೆ ನಾರಿನ ಬಹುಪಾಲು ಕಾಳಿನಲ್ಲೇ ಉಳಿಯುತ್ತದೆ. ರಾತ್ರಿ ನೆನೆಸಿ, ಕಾಳು ಸಮೇತ ಅರೆದು ಊಟದಲ್ಲಿ ಸೇರಿಸಿ. 5 ಗ್ರಾಂನಿಂದ ಶುರು ಮಾಡಿ ನಿಧಾನವಾಗಿ ಏರಿಸಿ. ವಾಯು ತುಂಬುತ್ತದೆ, ಬೆವರು-ಮೂತ್ರಕ್ಕೆ ಅದರದೇ ವಾಸನೆ ಬರುತ್ತದೆ. ಸಕ್ಕರೆ ಕಾಯಿಲೆಯ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಸಕ್ಕರೆ ತೀರಾ ಕುಸಿಯಬಹುದು. ಗರ್ಭಿಣಿಯರು ಅಡುಗೆಯ ಪ್ರಮಾಣವನ್ನು ಮೀರಬಾರದು.

ಪ್ರಶ್ನೆ: "ಸಸ್ಯ ಸ್ಟೆರಾಲ್ ಸೇರಿಸಿದ್ದು" ಎಂದು ಬರೆದ ಹಾಲು, ಸ್ಪ್ರೆಡ್ ಸಿಗುತ್ತವೆ. ಇದು ಜಾಹೀರಾತಿನ ಮಾತೋ, ನಿಜವೋ?

ಉತ್ತರ: ನಿಜ. ಇವುಗಳ ಹತ್ತಿರದ ಬಂಧುವಾದ ಸಸ್ಯ ಸ್ಟ್ಯಾನಾಲ್ ಸೇರಿಸಿದ ಆಹಾರ ಮೊದಲು ಮಾರಾಟಕ್ಕೆ ಬಂದದ್ದು 1995ರಲ್ಲಿ, ಫಿನ್ಲೆಂಡಿನಲ್ಲಿ. ಸಸ್ಯ ಸ್ಟೆರಾಲ್‌ಗಳ ರಚನೆ ಕೊಲೆಸ್ಟ್ರಾಲಿನಂತೆಯೇ ಇದೆ. ಕರುಳಿನಲ್ಲಿ ಕೊಲೆಸ್ಟ್ರಾಲ್ ಕೂರಬೇಕಾದ ಜಾಗದಲ್ಲಿ ಇವು ಕೂತುಬಿಡುತ್ತವೆ, ಕೊಲೆಸ್ಟ್ರಾಲ್ ಒಳಗೆ ಹೋಗಲಾರದೆ ಹೊರಗೆ ಹೋಗುತ್ತದೆ. ದಿನಕ್ಕೆ 2 ಗ್ರಾಂ ತೆಗೆದುಕೊಂಡರೆ ಎರಡು-ಮೂರು ವಾರಗಳಲ್ಲಿ ಎಲ್‌ಡಿಎಲ್ ಶೇ 8–10ರಷ್ಟು ಇಳಿಯುತ್ತದೆ. ಊಟದ ಜೊತೆಗೇ ತೆಗೆದುಕೊಳ್ಳಬೇಕು, ಖಾಲಿ ಹೊಟ್ಟೆಯಲ್ಲಿ ಉಪಯೋಗ ಕಡಿಮೆ. 3 ಗ್ರಾಂ ದಾಟಿದರೆ ಹೆಚ್ಚಿನ ಲಾಭವಿಲ್ಲ, ಕ್ಯಾರೊಟಿನ್ ಹೀರಿಕೆ ಮಾತ್ರ ತಗ್ಗುತ್ತದೆ. ಹಾಗಾಗಿ ಕ್ಯಾರೆಟ್, ಸೊಪ್ಪು ಹೆಚ್ಚು ತಿನ್ನಿ. ಗರ್ಭಿಣಿಯರಿಗೆ, ಹಾಲೂಡಿಸುವವರಿಗೆ, ಐದು ವರ್ಷದೊಳಗಿನ ಮಕ್ಕಳಿಗೆ ಬೇಡ. ಸಿಟೊಸ್ಟೆರೊಲಿಮಿಯಾ ಎಂಬ ಅಪರೂಪದ ಆನುವಂಶಿಕ ಕಾಯಿಲೆ ಇರುವವರಿಗೆ ಇದು ಹಾನಿಕರ.

ಒಂದು ಮಾತು ಮುಚ್ಚಿಡಬಾರದು. ಇವು ಎಲ್‌ಡಿಎಲ್ ಇಳಿಸುತ್ತವೆ ಎಂಬುದಕ್ಕೆ ಪುರಾವೆ ಇದೆ, ಹೃದಯಾಘಾತ ತಪ್ಪಿಸುತ್ತವೆ ಎಂದು ನೇರವಾಗಿ ತೋರಿಸಿದ ಪರೀಕ್ಷೆ ಇಲ್ಲ. ಸ್ಟ್ಯಾಟಿನ್‌ಗೆ ಅಂಥ ಪರೀಕ್ಷೆಗಳಿವೆ: ಎಲ್‌ಡಿಎಲ್ 39 ಮಿ.ಗ್ರಾಂ ಇಳಿದರೆ ಹೃದಯಾಘಾತ, ಪಾರ್ಶ್ವವಾಯುವಿನಂಥ ಅವಘಡಗಳು ಸುಮಾರು ಶೇ 22ರಷ್ಟು ಕಡಿಮೆಯಾಗುತ್ತವೆ. 2022ರಲ್ಲಿ ಅಮೆರಿಕದ ಸುಮಾರು 190 ಜನರಲ್ಲಿ 5 ಮಿ.ಗ್ರಾಂ ರೊಸುವಾಸ್ಟ್ಯಾಟಿನ್ ಮಾತ್ರೆಯನ್ನು ಮೀನೆಣ್ಣೆ, ದಾಲ್ಚಿನ್ನಿ, ಬೆಳ್ಳುಳ್ಳಿ, ಅರಿಸಿನ, ಸಸ್ಯ ಸ್ಟೆರಾಲ್, ಕೆಂಪು ಯೀಸ್ಟ್ ಅಕ್ಕಿಯ ಪೂರಕ ಗುಳಿಗೆಗಳ ಜೊತೆ ಹೋಲಿಸಿ ನೋಡಿದರು. 28 ದಿನಗಳಲ್ಲಿ ಮಾತ್ರೆಯಿಂದ ಎಲ್‌ಡಿಎಲ್ ಶೇ 38ರ ಹತ್ತಿರ ಇಳಿಯಿತು. ಆರು ಪೂರಕಗಳಲ್ಲಿ ಒಂದೂ ಹುಸಿ ಮಾತ್ರೆಗಿಂತ ಮೇಲೆನಿಸಲಿಲ್ಲ. ಸ್ಟೆರಾಲನ್ನು ಗುಳಿಗೆಗಿಂತ ಆಹಾರದಲ್ಲಿ ಬೆರೆಸಿದ ರೂಪದಲ್ಲಿ ತೆಗೆದುಕೊಳ್ಳುವುದೇ ವಾಸಿ ಎಂಬುದು ನಮ್ಮ ಅಭಿಪ್ರಾಯ.

ಪ್ರಶ್ನೆ: ಮರದರಿಶಿನದಂಥ ಗಿಡಗಳಲ್ಲಿರುವ ಬರ್ಬೆರಿನ್ ಎಂಬ ವಸ್ತುವಿನ ಬಗ್ಗೆ ಎಲ್ಲೆಡೆ ಕೇಳುತ್ತಿದ್ದೇನೆ.

ಉತ್ತರ: ಕೆಲಸ ಮಾಡುತ್ತದೆ. ರಕ್ತದಿಂದ ಎಲ್‌ಡಿಎಲ್ ಎಳೆದುಕೊಳ್ಳುವ ಲಿವರಿನ ಗ್ರಾಹಕಗಳು ಹೆಚ್ಚುವಂತೆ ಮಾಡುತ್ತದೆ. ಅಧ್ಯಯನಗಳಲ್ಲಿ ಸಾಮಾನ್ಯವಾಗಿ 500 ಮಿ.ಗ್ರಾಂ ದಿನಕ್ಕೆ ಎರಡು-ಮೂರು ಸಲ ಊಟದ ಜೊತೆ ಕೊಟ್ಟಿದ್ದಾರೆ. ಹೊಟ್ಟೆ ಕೆಡುವುದು, ಮಲಬದ್ಧತೆ ಸಾಮಾನ್ಯ. ಆದರೆ ಇಸಬ್‌ಗೋಲಿನಂತೆ ಕರುಳಿನಲ್ಲಿ ಕೆಲಸ ಮುಗಿಸಿ ಹೊರಟುಹೋಗುವ ವಸ್ತು ಇದಲ್ಲ. ಔಷಧಗಳನ್ನು ಒಡೆಯುವ ಲಿವರಿನ ಕಿಣ್ವಗಳನ್ನು ತಡೆಯುತ್ತದೆ, ಇತರ ಮಾತ್ರೆಗಳ ಮಟ್ಟ ಏರಿಸುತ್ತದೆ. ಗರ್ಭಿಣಿಯರು, ಹಾಲೂಡಿಸುವವರು ಖಂಡಿತ ತೆಗೆದುಕೊಳ್ಳಬಾರದು. ನವಜಾತ ಶಿಶುವಿನ ಕಾಮಾಲೆ ಮಿದುಳಿಗೆ ಏರುವ ಅಪಾಯವಿದೆ. ಬೇರೆ ಯಾವುದಾದರೂ ಮಾತ್ರೆ ದಿನಾ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಶುರು ಮಾಡಬೇಡಿ.

ಪ್ರಶ್ನೆ: ಮಗಳಿಗೆ 24 ವರ್ಷ, ತೆಳ್ಳಗಿದ್ದಾಳೆ, ಎಲ್‌ಡಿಎಲ್ 214. ಅವಳ ತಂದೆಗೆ 44ಕ್ಕೇ ಹೃದಯಾಘಾತವಾಗಿತ್ತು. ಇಷ್ಟು ಚಿಕ್ಕ ವಯಸ್ಸಿಗೆ ಮಾತ್ರೆ ಯಾಕೆ, ಮೊದಲು ಗಿಡಮೂಲಿಕೆ ನೋಡೋಣವೇ?

ಉತ್ತರ: ಅಮ್ಮಾ, ಇಲ್ಲಿ ಕಾಯುವುದು ಬೇಡ. ಎಲ್‌ಡಿಎಲ್ 190 ದಾಟಿದ್ದು, ತಂದೆಗೆ ಎಳೆ ವಯಸ್ಸಿನಲ್ಲೇ ಹೃದಯಾಘಾತ, ಇವೆರಡೂ ಸೇರಿದರೆ ಆನುವಂಶಿಕ ಅಧಿಕ ಕೊಲೆಸ್ಟ್ರಾಲ್ ಎಂದೇ ಮೊದಲು ಸಂಶಯಿಸಬೇಕು. ಸುಮಾರು 250–300 ಜನರಲ್ಲಿ ಒಬ್ಬರಿಗೆ ಇದಿರುತ್ತದೆ. ಇವರ ಲಿವರಿನಲ್ಲಿ ಎಲ್‌ಡಿಎಲ್ ಎಳೆದುಕೊಳ್ಳುವ ಗ್ರಾಹಕಗಳೇ ಕಡಿಮೆ, ಹುಟ್ಟಿನಿಂದಲೇ ರಕ್ತನಾಳ ಇಷ್ಟೊಂದು ಎಲ್‌ಡಿಎಲ್ ಸಹಿಸಿಕೊಂಡು ಬಂದಿದೆ. 214ರಲ್ಲಿ ಶೇ 10 ಇಳಿದರೂ 190ರ ಮೇಲೆಯೇ. ಹೃದಯ ತಜ್ಞರನ್ನು ಈ ತಿಂಗಳೇ ಕಾಣಿ, ಒಡಹುಟ್ಟಿದವರಿದ್ದರೆ ಅವರಿಗೂ ಪರೀಕ್ಷೆ ಮಾಡಿಸಿ. ಮುಂದೆ ಮಗುವಿನ ಯೋಚನೆಯಿದ್ದರೆ ಅದನ್ನು ಮಾತ್ರೆ ಶುರು ಮಾಡುವಾಗಲೇ ವೈದ್ಯರಿಗೆ ತಿಳಿಸಲಿ. ನಾರು, ಓಟ್ಸ್ ಜೊತೆಗಿರಲಿ.

ಪ್ರಶ್ನೆ: ಐದು ವಾರ ಬಿಡದೆ ಇಸಬ್‌ಗೋಲ್ ಗುಳಿಗೆ ನುಂಗಿದೆ, ದಿನಕ್ಕೆ ನಾಲ್ಕು. ಎಲ್‌ಡಿಎಲ್ 148 ಇದ್ದದ್ದು 144 ಆಗಿದೆ ಅಷ್ಟೆ. ನನ್ನ ಮೈಗೆ ಇದು ಹಿಡಿಸುವುದಿಲ್ಲವೇ?

ಉತ್ತರ: ನಿಮ್ಮ ಮೈಯಲ್ಲಿ ದೋಷವಿಲ್ಲ, ಗುಳಿಗೆಯ ಲೆಕ್ಕದಲ್ಲಿದೆ. ಇಂಥ ಗುಳಿಗೆಯಲ್ಲಿ ಸಾಮಾನ್ಯವಾಗಿ ಅರ್ಧ ಗ್ರಾಂ ಹೊಟ್ಟು ಇರುತ್ತದೆ. ನಾಲ್ಕು ಅಂದರೆ 2 ಗ್ರಾಂ. ಬೇಕಾದ 10 ಗ್ರಾಂ ಮುಟ್ಟಲು 20 ನುಂಗಬೇಕು. ಸಡಿಲ ಹೊಟ್ಟಿಗೆ ಬದಲಾಯಿಸಿ, ಊಟದ ಜೊತೆ ಎರಡು ಸಲ, ಮೊದಲ ಉತ್ತರದಲ್ಲಿ ಹೇಳಿದ ಕ್ರಮದಲ್ಲೇ.

148ಕ್ಕೂ 144ಕ್ಕೂ ಇರುವ ವ್ಯತ್ಯಾಸದಿಂದ ಏನೂ ಹೇಳಲಾಗದು. ಏನೂ ಮಾಡದಿದ್ದರೂ ಒಬ್ಬರದೇ ಎಲ್‌ಡಿಎಲ್ ವಾರದಿಂದ ವಾರಕ್ಕೆ ಶೇ 7–8ರಷ್ಟು ಆಚೀಚೆ ಆಗುತ್ತದೆ. ಆದ್ದರಿಂದ ಪೂರ್ಣ ಪ್ರಮಾಣಕ್ಕೆ ಬಂದು ಎಂಟು ವಾರವಾದ ಮೇಲೆ, ಅದೇ ಪ್ರಯೋಗಾಲಯದಲ್ಲಿ, ಮೊದಲ ಸಲದಂತೆಯೇ ಖಾಲಿ ಹೊಟ್ಟೆಯಲ್ಲಿ ಪರೀಕ್ಷೆ ಮಾಡಿಸಿ. ಜ್ವರ ಬಂದು ಹೋದ ಕೂಡಲೇ ಬೇಡ, ಕಾಯಿಲೆಯಲ್ಲಿ ಎಲ್‌ಡಿಎಲ್ ತಾನಾಗಿ ಇಳಿದಿರುತ್ತದೆ. ವರದಿಯಲ್ಲಿ ಟ್ರೈಗ್ಲಿಸರೈಡ್ ಕೂಡ ನೋಡಿ. ಅನೇಕ ಕಡೆ ಎಲ್‌ಡಿಎಲ್ಅನ್ನು ಅಳೆಯುವುದಿಲ್ಲ, ಲೆಕ್ಕ ಹಾಕುತ್ತಾರೆ: ಒಟ್ಟು ಕೊಲೆಸ್ಟ್ರಾಲಿನಿಂದ ಎಚ್‌ಡಿಎಲ್ ಮತ್ತು ಟ್ರೈಗ್ಲಿಸರೈಡ್‌ನ ಐದನೇ ಒಂದು ಭಾಗ ಕಳೆಯುತ್ತಾರೆ. ಮೊದಲ ಪ್ರಶ್ನೆಯವರ ಅಂಕಿಗಳನ್ನೇ ಹಾಕಿ ನೋಡಿ: 228ರಲ್ಲಿ 44 ಕಳೆದು, 160ರ ಐದನೇ ಒಂದು ಭಾಗವಾದ 32 ಕಳೆದರೆ 152. ಟ್ರೈಗ್ಲಿಸರೈಡ್ 400 ದಾಟಿದರೆ ಈ ಲೆಕ್ಕ ತಪ್ಪುತ್ತದೆ, ಆಗ ಎಲ್‌ಡಿಎಲ್ ನೇರವಾಗಿ ಅಳೆಯಲು ಕೇಳಿ.

ಆಗಲೂ ಅಂಕಿ ಅಲ್ಲಾಡದಿದ್ದರೆ ಕಾಫಿ ಹೇಗೆ ಮಾಡುತ್ತೀರಿ ನೋಡಿ. ಕಾಗದದ ಶೋಧಕದಲ್ಲಿ ಸೋಸದ ಕಾಫಿಯಲ್ಲಿ ಕೆಫೆಸ್ಟಾಲ್ ಎಂಬ ಎಣ್ಣೆಯ ಅಂಶ ಉಳಿಯುತ್ತದೆ. ದಿನಕ್ಕೆ ನಾಲ್ಕೈದು ಲೋಟ ಅಂಥ ಕಾಫಿ ಕುಡಿದರೆ ನಾರು ಇಳಿಸಿದಷ್ಟನ್ನು ಅದು ಏರಿಸಿಬಿಡಬಲ್ಲದು. ಬೆಣ್ಣೆ, ತೆಂಗಿನೆಣ್ಣೆ, ತಾಳೆ ಎಣ್ಣೆ ಹೆಚ್ಚು ಬಳಸುತ್ತಿದ್ದರೂ ಇದೇ ಕಥೆ. ಇವೆಲ್ಲ ಸರಿಯಿದ್ದೂ ಇಳಿಯದಿದ್ದರೆ ಥೈರಾಯ್ಡ್ ತಿಳಿಸುವ ಟಿಎಸ್ಎಚ್ ಪರೀಕ್ಷೆ ಮಾಡಿಸಿ, ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದೆಯೇ ಎಂದೂ ನೋಡಿಸಿ. ಥೈರಾಯ್ಡ್ ಕುಂದಿದ್ದರೆ ಅಥವಾ ಕಿಡ್ನಿಯಿಂದ ಪ್ರೋಟೀನ್ ಸೋರುತ್ತಿದ್ದರೆ ಮೊದಲು ಅದಕ್ಕೆ ಚಿಕಿತ್ಸೆಯಾಗಬೇಕು.